ಇನ್ನೂ ಹುಟ್ಟದವರಿಗೂ ಒಂದು ಕಲಂ ಬೇಕು

ಈ ಬೇಸಿಗೆಯಲ್ಲಿ ನಾನು ಓದಿದ ಕಾದಂಬರಿ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’. ಬರೆದವರು ಅಮೆರಿಕದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್. ಬಂದದ್ದು 2020ರಲ್ಲಿ. ಕಲಬುರಗಿ, ಬೀದರ, ಯಾದಗಿರಿಯ ಕಾಲೇಜು ಹುಡುಗರು, ಮಾಸ್ತರರು, ಪಂಚಾಯ್ತಿ ಸದಸ್ಯರು ಇದರ ಬಗ್ಗೆ ಕೂತು ಮಾತಾಡಬೇಕು ಅಂತ ನನಗೆ ತುಂಬಾ ಅನಿಸಿದೆ. ಯಾಕೆ ಅಂತ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕತೆ ಶುರುವಾಗುವುದು ಉತ್ತರ ಪ್ರದೇಶದ ಒಂದು ಸಣ್ಣ ಊರಿನಲ್ಲಿ. ಬಿಸಿಗಾಳಿ ಬೀಸುತ್ತಿದೆ. ಕರೆಂಟ್ ಹೋಗುತ್ತದೆ. ಫ್ರ್ಯಾಂಕ್ ಎಂಬ ಅಮೆರಿಕದ ಯುವಕ ಅಲ್ಲಿನ ಕ್ಲಿನಿಕ್‌ನಲ್ಲಿ ಸೇವೆಗೆ ಇದ್ದಾನೆ. ಅಲ್ಲಿ ಒಂದು ಎಸಿ ಇದೆ, ಜನರೇಟರ್ ಇದೆ ಅಂತ ಅಕ್ಕಪಕ್ಕದವರು ಮಕ್ಕಳನ್ನು, ಮುದುಕರನ್ನು ಕರೆದುಕೊಂಡು ಬರುತ್ತಾರೆ. ಅವೆರಡನ್ನೂ ಕೆಲವರು ಬಂದೂಕು ತೋರಿಸಿ ಹೊತ್ತೊಯ್ಯುತ್ತಾರೆ. ಕೊನೆಗೆ ಜನ ಕೆರೆಗೆ ಇಳಿಯುತ್ತಾರೆ. ಕೆರೆಯ ನೀರೂ ಬಿಸಿ. ಬೆಳಗಾಗುವ ಹೊತ್ತಿಗೆ ಅವನೊಬ್ಬ ಉಳಿದಿರುತ್ತಾನೆ. ಕಾದಂಬರಿಯ ಲೆಕ್ಕದಲ್ಲಿ ಆ ಬಿಸಿಗಾಳಿಗೆ ಭಾರತದಲ್ಲಿ ಸುಮಾರು 2 ಕೋಟಿ ಜನ ಸಾಯುತ್ತಾರೆ.

ಇದನ್ನು ಹೇಳಿದರೆ ನಮ್ಮ ಕಡೆ ಬರುವ ಮೊದಲ ಮಾತು, “ಬಿಸಲು ನಮಗೇನು ಹೊಸದೇನ್ರಿ?” ಹೊಸದಲ್ಲ, ನಿಜ. ಆದರೆ ನಾವು ಯಾಕೆ ತಡೆದುಕೊಳ್ಳುತ್ತೇವೆ ಅನ್ನುವುದನ್ನು ತಿಳಿದುಕೊಳ್ಳಬೇಕು. ನಮ್ಮ ಏಪ್ರಿಲ್, ಮೇ ತಿಂಗಳ ಗಾಳಿ ಒಣ. ಬೆವರು ಆರುತ್ತದೆ, ಆರುವಾಗ ಮೈಯ ಬಿಸಿ ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಿರುವುದು, ಕೂಲರ್ ಗಾಳಿ ತಂಪಾಗಿರುವುದು ಇದೇ ಕಾರಣಕ್ಕೆ. ಜೂನ್‌ನಲ್ಲಿ ಮೋಡ ಕವಿದು ಮಳೆ ಬಾರದ ದಿನ ಅದೇ ಕೂಲರ್ ಎಷ್ಟು ತಿರುಗಿದರೂ ಮೈ ಅಂಟಂಟು. ಉಷ್ಣತೆ ಕಡಿಮೆ ಇದ್ದರೂ ಸಂಕಟ ಜಾಸ್ತಿ, ಅಲ್ವಾ?

ಇದನ್ನು ಅಳೆಯುವ ದಾರಿ ಇದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ನೋಡುವುದು. ಅದಕ್ಕೆ ವೆಟ್ ಬಲ್ಬ್ ತಾಪಮಾನ ಅನ್ನುತ್ತಾರೆ. ಗಾಳಿಯ ತೇವ ಶೇ. 15 ಇದ್ದಾಗ ನಮ್ಮ 43 ಡಿಗ್ರಿ ಬಿಸಿಲಿಗೆ ಈ ಲೆಕ್ಕದಲ್ಲಿ ಬರುವುದು ಬರೀ 23ರ ಆಸುಪಾಸು. ಅದು 35 ಮುಟ್ಟಿದರೆ ಬೆವರಿನಿಂದ ಮೈ ತಣ್ಣಗಾಗುವುದೇ ನಿಂತುಹೋಗುತ್ತದೆ. ಗಟ್ಟಿಮುಟ್ಟಾದ ಮನುಷ್ಯ ನೆರಳಲ್ಲಿ ನೀರು ಕುಡಿಯುತ್ತ ಸುಮ್ನೆ ಕೂತಿದ್ದರೂ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅಮೆರಿಕದಲ್ಲಿ ಆರೋಗ್ಯವಂತ ಯುವಕ ಯುವತಿಯರ ಮೇಲೆ ಪರೀಕ್ಷೆ ಮಾಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕೆಟ್ಟ ಸುದ್ದಿ ಕೊಟ್ಟಿತು. ತೇವದ ಗಾಳಿಯಲ್ಲಿ 31ರ ಹತ್ತಿರವೇ ದೇಹ ಸೋಲಲು ಶುರುವಾಗುತ್ತದಂತೆ. ಅಂದರೆ ಭೂಮಿ ಬಿಸಿಯಾಗಿ, ಗಾಳಿಯಲ್ಲಿ ತೇವವೂ ಏರಿದರೆ, ‘ನಮಗೆ ರೂಢಿಯಾಗಿದೆ’ ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ.

ಈಗಲೂ ಆ ರೂಢಿ ಎಲ್ಲರಿಗೂ ಒಂದೇ ಅಲ್ಲ. ಬೇಸಿಗೆಯಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಒಳ್ಳೆಯ ಕ್ರಮ, ಬೇಡ ಅನ್ನುವುದಿಲ್ಲ. ಆದರೆ ಅದೇ ಮಧ್ಯಾಹ್ನ ಸ್ಲ್ಯಾಬ್ ಹಾಕುವ ಹೆಣ್ಣುಮಕ್ಕಳ ತಲೆ ಮೇಲಿನ ಪುಟ್ಟಿಗೆ ಯಾವ ಆದೇಶವೂ ಇಲ್ಲ.

ಕಾದಂಬರಿಗೆ ಹಿಂದಿರುಗುತ್ತೇನೆ. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದ ಅಡಿಯಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಒಂದು ಸಣ್ಣ ಸಂಸ್ಥೆ ಹುಟ್ಟುತ್ತದೆ. ಮುಂದೆ ಹುಟ್ಟುವವರ ಪರ ವಾದ ಮಾಡುವುದೇ ಅದರ ಕೆಲಸ. ಮುಖ್ಯಸ್ಥೆ ಐರ್ಲೆಂಡಿನ ಮೇರಿ ಮರ್ಫಿ. ಕೆರೆಯಿಂದ ಬದುಕಿ ಬಂದ ಫ್ರ್ಯಾಂಕ್ ಒಂದು ರಾತ್ರಿ ಅವಳನ್ನು ಅವಳ ಮನೆಯಲ್ಲೇ ಹಿಡಿದಿಟ್ಟು, ನೀವು ಮಾಡುತ್ತಿರುವುದು ಸಾಲದು ಅಂತ ಜಗ್ಗಾಡುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಇದು. ಅವಳು ಕೆಟ್ಟವಳಲ್ಲ, ಸೋಮಾರಿಯೂ ಅಲ್ಲ. ಆದರೂ ಅವನ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇಲ್ಲ.

ಇನ್ನೊಂದು ಕಡೆ ಅರ್ಥಶಾಸ್ತ್ರದ ಲೆಕ್ಕ ಬರುತ್ತದೆ. ದೊಡ್ಡ ಯೋಜನೆಗಳಲ್ಲಿ ಮುಂದಿನ ಲಾಭ ನಷ್ಟವನ್ನು ಬಡ್ಡಿಯ ಹಾಗೆ ಒಂದು ದರ ಹಿಡಿದು ಇವತ್ತಿನ ಬೆಲೆಗೆ ಇಳಿಸುತ್ತಾರೆ. ನಾನೇ ಲೆಕ್ಕ ಹಾಕಿ ನೋಡಿದೆ. ಶೇ. 8ರ ದರದಲ್ಲಿ, 50 ವರ್ಷದ ನಂತರ ಆಗುವ 1 ಲಕ್ಷ ರೂಪಾಯಿ ನಷ್ಟ ಇವತ್ತಿನ ಕಾಗದದಲ್ಲಿ ಸುಮಾರು 2,130 ರೂಪಾಯಿ. ನಮ್ಮ ಮೊಮ್ಮಕ್ಕಳ ಸಂಕಟ ಕಾಗದದ ಮೇಲೆ ಹೀಗೆ ಕರಗಿಹೋಗುತ್ತದೆ. ಯಾರೂ ಸುಳ್ಳು ಬರೆದಿಲ್ಲ, ಯಾರೂ ಲಂಚ ತಿಂದಿಲ್ಲ, ಆದರೂ ಅನ್ಯಾಯ ಆಗಿಹೋಗಿದೆ.

ಇದಕ್ಕೆ ಎದುರಾಗಿ ನನಗೆ ನೆನಪಾದದ್ದು ಬೀದರಿನ ನೌಬಾದ್ ಹತ್ತಿರದ ಸುರಂಗ ಬಾವಿ, ಅಂದರೆ ಕರೇಜ್. ಬಹಮನಿ ಸುಲ್ತಾನರ ಕಾಲದ್ದು, 15ನೇ ಶತಮಾನದ್ದು. ಜಂಬಿಟ್ಟಿಗೆ ಕಲ್ಲಿನಲ್ಲಿ ಇಂಗಿದ ಮಳೆನೀರನ್ನು ಸ್ವಲ್ಪವೇ ಇಳಿಜಾರಿನ ಸುರಂಗದಲ್ಲಿ ಹರಿಸಿ ತರುತ್ತಿದ್ದರು. ಪಂಪಿಲ್ಲ, ರಾಟೆ ಇಲ್ಲ. ಎಷ್ಟು ಜಿನುಗುತ್ತದೋ ಅಷ್ಟೇ ಹರಿಯುತ್ತದೆ. ನಾಳೆಯ ನೀರನ್ನು ಇವತ್ತೇ ಎಳೆದುಕೊಳ್ಳುವ ಶಕ್ತಿಯೇ ಅದಕ್ಕಿಲ್ಲ. ಬೋರ್‌ವೆಲ್‌ಗೆ ಆ ಶಕ್ತಿ ಇದೆ, ಅದನ್ನೇ ನಾವು ಬಳಸುತ್ತಿದ್ದೇವೆ. ಒಂದು ಬತ್ತಿದರೆ ಪಕ್ಕದಲ್ಲಿ ಇನ್ನಷ್ಟು ಆಳಕ್ಕೆ ಇನ್ನೊಂದು.

ಸಿಮೆಂಟಿನ ಮಾತೂ ಆಡಲೇಬೇಕು. ಸೇಡಂ, ಚಿತ್ತಾಪುರ, ವಾಡಿ ಕಡೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಈ ಕಾರ್ಖಾನೆಗಳಿಂದ. ಅದನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಸುಣ್ಣದ ಕಲ್ಲನ್ನು ಕಾಸಿದಾಗ ಕಲ್ಲಿನೊಳಗಿಂದಲೇ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಲ್ಲಿದ್ದಲಿನ ಹೊಗೆ ಬೇರೆ, ಇದು ಬೇರೆ. ಸಿಮೆಂಟಿನ ಒಟ್ಟು ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಲ್ಲಿನದೇ. ಕಾದಂಬರಿಯಲ್ಲಿ ಇಂಗಾಲವನ್ನು ಗಾಳಿಗೆ ಬಿಡದೆ ಉಳಿಸಿದವರಿಗೆ ಟನ್ನಿಗೊಂದು ನಾಣ್ಯ ಅಂತ ಕೇಂದ್ರ ಬ್ಯಾಂಕುಗಳು ಕೊಡುತ್ತವೆ. ಓದಲು ಸ್ವಲ್ಪ ಭಾರ ಅನಿಸುವ ಪುಟಗಳು ಅವು. ಆದರೆ ನಮ್ಮಂಥ ಜಿಲ್ಲೆಗೆ ಕೆಲಸಕ್ಕೆ ಬರುವ ಮಾತು ಅಲ್ಲೇ ಇದೆ. ಕಾರ್ಖಾನೆ ಬದಲಾಗಬೇಕು, ಕೂಲಿಯವನು ಮಾತ್ರ ಬೀದಿಗೆ ಬೀಳಬಾರದು.

ಪುಸ್ತಕದ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಅದರಲ್ಲಿ ಒಂದು ಗುಪ್ತ ಗುಂಪು ಪ್ರಯಾಣಿಕರ ವಿಮಾನಗಳನ್ನೇ ಉರುಳಿಸುತ್ತದೆ, ಆ ಭಯದಿಂದ ಜಗತ್ತು ಬದಲಾಗುತ್ತದೆ. ಲೇಖಕರು ಅದನ್ನು ಖಡಾಖಂಡಿತ ಖಂಡಿಸುವುದಿಲ್ಲ. ಮುಂದಿನವರ ಹೆಸರಿನಲ್ಲಿ ಇವತ್ತಿನ ಅಮಾಯಕರನ್ನು ಕೊಲ್ಲುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ನೋವೂ ಇದೆ. ಸತ್ತವರು ನಮ್ಮವರು, ಬದುಕಿ ಕತೆಯುದ್ದಕ್ಕೂ ಮಾತಾಡುವವನು ಅಮೆರಿಕದವನು. ಆ ಕೆರೆಯಲ್ಲಿದ್ದ ಒಬ್ಬ ತಾಯಿಯ ಬಾಯಿಂದ ಈ ಕತೆ ಕೇಳಬೇಕಿತ್ತು. ಆ ಕತೆಯನ್ನು ನಮ್ಮ ಕಡೆಯವರೇ ಕನ್ನಡದಲ್ಲಿ ಬರೆಯಬೇಕು.

ಭವಿಷ್ಯದ ಪರ ಒಂದು ಕುರ್ಚಿ ಅನ್ನುವುದು ಬರೀ ಕಲ್ಪನೆಯೂ ಅಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ 2015ರಲ್ಲೇ ಕಾನೂನು ಬಂದು, ಮುಂದಿನ ಪೀಳಿಗೆಗಳಿಗಾಗಿ ಒಬ್ಬ ಆಯುಕ್ತರು ಇದ್ದಾರೆ. ನಮಗೂ ಇದು ತೀರಾ ಹೊಸ ಮಾತಲ್ಲ. ನಮ್ಮ ಕಲ್ಯಾಣ ಕರ್ನಾಟಕ ಹಿಂದುಳಿದಿದೆ, ನಮ್ಮ ಪಾಲು ನಮಗೆ ಬಂದಿಲ್ಲ ಅಂತ ವರ್ಷಗಟ್ಟಲೆ ಹೋರಾಡಿದ್ದಕ್ಕೇ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಈ ಭಾಗಕ್ಕಾಗಿಯೇ 371(ಜೆ) ಎಂಬ ಕಲಂ ಬಂತು. ಅಭಿವೃದ್ಧಿ ಮಂಡಳಿ ಬಂತು, ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಬಂತು. ದೂರದಲ್ಲಿದ್ದವರ ಪಾಲು ಕೇಳಲು ಒಂದು ಕಲಂ ಹುಟ್ಟಬಹುದಾದರೆ, ಇನ್ನೂ ಹುಟ್ಟದವರ ಪಾಲು ಕೇಳಲು ಯಾಕೆ ಆಗಬಾರದು?

ನನ್ನ ಬೇಡಿಕೆ ಸದ್ಯಕ್ಕೆ ಸಣ್ಣದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಪ್ರತಿಯೊಂದು ದೊಡ್ಡ ಕಾಮಗಾರಿಯ ಕಡತದಲ್ಲಿ ಒಂದು ಪುಟ ಸೇರಲಿ. ಇದರಿಂದ 2075ರಲ್ಲಿ ಇಲ್ಲಿನ ಅಂತರ್ಜಲ ಎಷ್ಟಿರುತ್ತದೆ, ನೆರಳು ಎಲ್ಲಿರುತ್ತದೆ, ಆಗಿನ ಖರ್ಚು ಯಾರ ತಲೆಗೆ ಬರುತ್ತದೆ? ಅದನ್ನು ಬರೆದವರ ಸಹಿ ಕೆಳಗಿರಲಿ. ಆ ಪುಟವನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮಂಡಳಿಯ ಕೆಲಸ ಗೊತ್ತಿರುವ ಗೆಳೆಯರು, ವಕೀಲರು ಇದ್ದರೆ ದಯವಿಟ್ಟು ಮುಂದೆ ಬನ್ನಿ. ಮನವಿಯ ಕರಡು ಬರೆಯಲು ಕೂರೋಣ.