ಏಳು ದಾಪುಗಾಲಿನ ಅಂತರ

ತಲಪಾಡಿ ಗಡಿಗೆ ಹತ್ತಿರದ ಕೆ.ಸಿ. ರೋಡಿನ ಸಹಕಾರಿ ಸಂಘದಲ್ಲಿ 2025ರ ಜನವರಿಯಲ್ಲಿ ದರೋಡೆಯಾಯಿತು. ಸಿಕ್ಕಿಬಿದ್ದ ಆರೋಪಿಯೊಬ್ಬ ಸ್ಥಳ ಮಹಜರಿನ ವೇಳೆ ಹಲ್ಲೆಗೆ ಮುಂದಾದನೆಂದು ಮಂಗಳೂರು ಪೊಲೀಸರು ಅವನ ಕಾಲಿಗೆ ಗುಂಡು ಹೊಡೆದ ಸುದ್ದಿ ಬಂದಾಗ ನಾನು ಪುತ್ತೂರಿನ ತಂಗಿಯ ಮನೆಯಲ್ಲಿದ್ದೆ. ಪತ್ರಿಕೆಯಿಂದ ತಲೆಯೆತ್ತಿದ ತಂಗಿಯ ಗಂಡ, “ನಿಮ್ಮ ಕೇರಳದ ಪೊಲೀಸರಿಗೆ ಇಂತಹ ಗುರಿ ಉಂಟೋ ಭಾವ?” ಎಂದು ಕೇಳಿದರು. ‘ನಿಮ್ಮ ಕೇರಳ’ ಎಂಬ ಮಾತು ನನಗೆ ಚುಚ್ಚಿತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಗೆರೆ ಕಾಸರಗೋಡಿನ ಕನ್ನಡಿಗರಾದ ನಮ್ಮನ್ನು ಆಚೆಗೆ ಹಾಕಿತೇ ಹೊರತು ನಾವಾಗಿ ದಾಟಿಹೋದವರಲ್ಲ.

ಬದಿಯಡ್ಕಕ್ಕೆ ಮರಳಿದ ಮೇಲೆ, ಕೇರಳ ಪೊಲೀಸಿನಿಂದ ನಿವೃತ್ತರಾದ ನೆರೆಮನೆಯ ಹಿರಿಯರಲ್ಲಿ ಇದನ್ನು ಹೇಳಿಕೊಂಡೆ. ಅವರು ಅಡಿಕೆ ಹರಡಿದ್ದ ಅಂಗಳದ ಬದಿಯಲ್ಲಿ ಏಳು ದಾಪುಗಾಲು ಅಳೆದು ಮೊಮ್ಮಗನನ್ನು ನಿಲ್ಲಿಸಿದರು. ನನಗೊಂದು ಟಾರ್ಚ್ ಕೊಟ್ಟು, “ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಮಾಷ್ಟ್ರೇ, ಅವನು ಓಡಿ ಬರುವಾಗ ತೆಗೆದು ಮೊಣಕಾಲಿಗೆ ಬೆಳಕು ಬಿಡಿ” ಎಂದರು. ಟಾರ್ಚ್ ಮುಂಡಿನ ಮಡಿಕೆಯಿಂದ ಹೊರಬರುವ ಮೊದಲೇ ಹುಡುಗನ ಅಂಗೈ ನನ್ನ ಎದೆಯ ಮೇಲಿತ್ತು. ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯುಲರ್ 1983ರಲ್ಲಿ ಬರೆದದ್ದೂ ಇದನ್ನೇ: ಚೂರಿ ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ.

ಓಡುವವನ ಕಾಲು ಸಪೂರವಾದ, ಕ್ಷಣವೂ ನಿಲ್ಲದ ಗುರಿ. ತಪ್ಪಿದ ಗುಂಡು ಕಲ್ಲಿಗೆ ಬಡಿದು ಎಲ್ಲಿಗೂ ಸಿಡಿಯಬಹುದು. ತಗಲಿದರೂ ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆದ್ದರಿಂದಲೇ ಅನೇಕ ದೇಶಗಳ ಪೊಲೀಸ್ ತರಬೇತಿಯಲ್ಲಿ ಮೊದಲು ಅಂತರ ಕಾಯಲು, ಮರೆಯಲ್ಲಿ ನಿಂತು ಸಮಯ ಗಳಿಸಲು ಕಲಿಸುತ್ತಾರೆ. ಜೀವಕ್ಕೇ ಅಪಾಯ ಬಂದು ಗುಂಡು ಹಾರಿಸಲೇಬೇಕಾದಾಗ ಎದೆಗೆ ಗುರಿಯಿಡಲು ಹೇಳುತ್ತಾರೆ. “ನನ್ನ ಸರ್ವೀಸಿನಲ್ಲಿ ಮನುಷ್ಯನ ಮೇಲೆ ಒಂದು ಗುಂಡೂ ಹಾರಿಸಿಲ್ಲ, ಸುತ್ತುವರಿದು ಕಾದದ್ದೇ ಹೆಚ್ಚು” ಎಂದರು ಹಿರಿಯರು. ಆ ಕಾಯುವಿಕೆಯೇ ನನಗೆ ದೊಡ್ಡ ವಿದ್ಯೆಯಾಗಿ ಕಾಣುತ್ತದೆ. ನಾನು ದಿನವೂ ಓದುವ ಮಲಯಾಳ ಪತ್ರಿಕೆಗಳಲ್ಲಿ ಮಹಜರಿನ ವೇಳೆ ಕಾಲಿಗೆ ಗುಂಡು ಬಿದ್ದ ಸುದ್ದಿ ಅಪರೂಪ. ಕನ್ನಡ ಪತ್ರಿಕೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಓದುಗರು ಅದನ್ನು ಮೆಚ್ಚುತ್ತಾರೆ. ಇಂತಹ ಘಟನೆಗಳನ್ನು ಬೇರೆ ಠಾಣೆಯವರೋ ಸಿಐಡಿಯೋ ತನಿಖೆ ಮಾಡಬೇಕು, ಬೆನ್ನಿಗೇ ಬಡ್ತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಸತ್ತ ಪ್ರಕರಣಗಳಿಗಷ್ಟೇ ಅಲ್ಲ, ತೀವ್ರ ಗಾಯದ ಪ್ರಕರಣಗಳಿಗೂ ಸಾಧ್ಯವಾದಷ್ಟು ಮಟ್ಟಿಗೆ ಇದು ಅನ್ವಯ. ನನ್ನ ಭಾಷೆಯ ನಾಡು ಇದನ್ನು ಮರೆತು ಚಪ್ಪಾಳೆ ತಟ್ಟುವುದು ನನಗೆ ನೋವಿನ ಸಂಗತಿ.

ಕೇರಳದ ಕೈಯೂ ಶುದ್ಧವಲ್ಲವೆಂದು ಒಪ್ಪಬೇಕು. 1970ರಲ್ಲಿ ವಯನಾಡಿನಲ್ಲಿ ನಕ್ಸಲ್ ನಾಯಕ ವರ್ಗೀಸ್ ಎನ್‌ಕೌಂಟರಿನಲ್ಲಿ ಸತ್ತನೆಂದು ಹೇಳಲಾಗಿತ್ತು. ಹಿಡಿದ ಮೇಲೆ ಮೇಲಧಿಕಾರಿಯ ಆಜ್ಞೆಯಂತೆ ತಾನೇ ಗುಂಡಿಟ್ಟೆನೆಂದು ಕಾನ್‌ಸ್ಟೇಬಲ್ ಒಬ್ಬರು 1998ರಲ್ಲಿ ಬಾಯಿಬಿಟ್ಟರು, ಮುಂದೆ ಐಜಿಯಾಗಿ ನಿವೃತ್ತರಾಗಿದ್ದ ಆ ಅಧಿಕಾರಿಗೆ 2010ರಲ್ಲಿ ಶಿಕ್ಷೆಯಾಯಿತು. ಇನ್ನೊಂದು ಮಾತನ್ನೂ ಹೇಳಬೇಕು. ಒಂದೂವರೆ ಸೆಕೆಂಡು ಮಾತ್ರ ಉಳಿದಿರುವ ಪೊಲೀಸಿನವನು ಎದೆಯನ್ನು ಬಿಟ್ಟು ಕಾಲನ್ನು ಆರಿಸಿಕೊಂಡರೆ, ಎದುರಿನವನು ಸಾಯಬಾರದೆಂಬ ಕರುಣೆಯೂ ಅದರಲ್ಲಿ ಇದ್ದಿರಬಹುದೆಂಬುದನ್ನು ನಾನು ಅಲ್ಲಗಳೆಯಲಾರೆ.