ಗಾಗಲ್ಸ್ ಹಣೆಗೇರಿದ ಮೇಲೆ

ಗಾಡಿ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲೇ ಆ ಕೈ ಮೇಲೇಳುತ್ತದೆ. ಹೆಲ್ಮೆಟ್ ಕಳಚಿತು, ಅದಕ್ಕೆ ಸುತ್ತಿದ್ದ ಗಾಗಲ್ಸ್ ಬಿಚ್ಚಿತು, ನೇರ ಹಣೆಗೆ! ಕೈ ಖಾಲಿಯಾಗಬೇಕಲ್ಲ, ಥರ್ಮಾಸ್ ಹಿಡಿಯಲು. ಉತ್ತರ ಧ್ರುವದ ಹತ್ತಿರದ ನಾರ್ವೆಯ ದ್ವೀಪಗಳಾದ ಸ್ವಾಲ್ಬಾರ್ಡಿನಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೋಡುವ ಮೋಟಾರು ಗಾಡಿ, ಓಡಿಸುವ ಯಾವ ತಂಡವನ್ನೇ ನೋಡಿ, ಇಂಥ ಮಹಾನುಭಾವರು ಒಬ್ಬರಾದರೂ ಇರುತ್ತಾರೆ. ಬೇಡ ಎಂದರೆ "ಹೂಂ ಹೂಂ" ಎನ್ನುತ್ತಾರೆ. ಮುಂದಿನ ನಿಲುಗಡೆಯಲ್ಲೂ ಅದೇ ಕಥೆ.

ದಡ್ಡರೇನಲ್ಲ. ಗಾಡಿಯನ್ನು ಮುಂದೆ ತಳ್ಳುವ ರಬ್ಬರ್ ಪಟ್ಟೆಗೆ ಟ್ರ್ಯಾಕ್ ಎನ್ನುತ್ತಾರೆ; ರಾತ್ರಿ ನೆಲಕ್ಕೆ ಕಚ್ಚಿಕೊಂಡ ಆ ಟ್ರ್ಯಾಕನ್ನು ಬೆಳಿಗ್ಗೆ ಹಿಂದಿನ ಬಂಪರ್ ಎತ್ತಿ ಕುಲುಕಿ ಬಿಡಿಸಿದವರು ಇವರೇ. ಮೈನಸ್ 25 ಡಿಗ್ರಿಯಲ್ಲಿ ಮರಗಟ್ಟಿದ, ಎಂಜಿನ್ನಿನ ಬಲವನ್ನು ಟ್ರ್ಯಾಕಿಗೆ ಸಾಗಿಸುವ ಡ್ರೈವ್ ಬೆಲ್ಟಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಚಿಂದಿಯಾಗುತ್ತದೆಂದು ತಿಳಿದು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸುತ್ತಾರೆ. ಬದಲಿ ಬೆಲ್ಟ್, ಸ್ಪಾರ್ಕ್ ಪ್ಲಗ್, ಜಾರುಬಂಡಿಯಲ್ಲಿ 20 ಲೀಟರಿನ ಪೆಟ್ರೋಲ್ ಕ್ಯಾನು, ಒಂದನ್ನೂ ಮರೆಯುವುದಿಲ್ಲ. ಗುಡಿಸಲು ತಲುಪಿದರೆ ಕರಡಿಗೆಂದು ತಂದ ರೈಫಲನ್ನು ತಣ್ಣನೆಯ ಮೊಗಸಾಲೆಯಲ್ಲೇ ಬಿಡುತ್ತಾರೆ. ಬೆಚ್ಚಗಿನ ಕೋಣೆಗೆ ತಂದರೆ ಲೋಹ ಬೆವರುತ್ತದೆ, ಹೊರಗೊಯ್ದಾಗ ಆ ಬೆವರು ಹೆಪ್ಪುಗಟ್ಟಿ ಬೋಲ್ಟ್ ಸಿಕ್ಕಿಕೊಳ್ಳುತ್ತದೆ. ಕಬ್ಬಿಣ ಬೆವರುವುದು ಗೊತ್ತು, ಸ್ವಂತ ಹಣೆ ಬೆವರುವುದು ಗೊತ್ತಿಲ್ಲ.

ಹಣೆಯ ಹಬೆ ನೇರ ಗಾಗಲ್ಸಿನ ಅಂಚಿನ ಸ್ಪಂಜಿಗೆ ಇಳಿಯುತ್ತದೆ, ಒಳಗಾಜಿನ ಮೇಲೆ ಕೂರುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಅದು ಬಿಳಿ ಪದರ. ಇನ್ನು ಶುರು ಚಿಕಿತ್ಸೆ. ಮೊದಲು "ಹಾ" ಎಂದು ಬಾಯಿಂದ ಊದುತ್ತಾರೆ. ಪದರ ಇನ್ನಷ್ಟು ದಪ್ಪವಾಗುತ್ತದೆ. ಆಮೇಲೆ ಶಾಲೆ ಮಕ್ಕಳು ಸ್ಲೇಟಿಗೆ ಎಂಜಲು ಹಚ್ಚಿ ಒರೆಸಿದ ಹಾಗೆ ಕೈಗವಸಿನ ಹೆಬ್ಬೆರಳಿಂದ ಉಜ್ಜುತ್ತಾರೆ. ಮಂಜು ಕಟ್ಟದಿರಲೆಂದು ಒಳಗಾಜಿಗೆ ಬಳಿದ ಲೇಪ ಅಲ್ಲಿಗೆ ಗೀರು ಬಿದ್ದು ಹಾಳು. ಮೂರನೆಯದು ಉಗುರು. ನಾಲ್ಕನೆಯದು ಸೈಲೆನ್ಸರಿನ ಬಿಸಿ: ಮಂಜು ಕರಗುತ್ತದೆ, ಜೊತೆಗೆ ಪ್ಲಾಸ್ಟಿಕ್ಕೂ ಸೊಟ್ಟಗಾಗುತ್ತದೆ. ಅಷ್ಟೂ ಹೊತ್ತು ಉಳಿದವರು ಸೀಟಿನ ಮೇಲೆ ಕಾಲು ಕುಟ್ಟುತ್ತಾ ಕೂತಿರಬೇಕು. ಕೊನೆಗೆ ಬರುತ್ತದೆ ಆ ಪ್ರಶ್ನೆ: "ನಿಮ್ಮ ಹತ್ರ ಇನ್ನೊಂದು ಜೋಡಿ ಇದೆಯಾ?"

ಹಾಕಿಕೊಳ್ಳದೆ ಹೋಗುವ ಹಾಗಿಲ್ಲ. ಮೈನಸ್ 20ರಲ್ಲಿ 50 ಕಿಲೋಮೀಟರ್ ವೇಗವೆಂದರೆ ಚರ್ಮಕ್ಕೆ ಅದು ಮೈನಸ್ 35. ರೆಪ್ಪೆಗಳು ಒಂದಕ್ಕೊಂದು ಅಂಟುತ್ತವೆ. ಮಂಜು ಕಟ್ಟಿದ್ದನ್ನೇ ಹಾಕಿಕೊಂಡು ಹೊರಟರೂ ಫಜೀತಿ. ಗಾಳಿಗೆ ಹಿಮವೆಲ್ಲ ಹಾರಿಹೋಗಿ ಬರೀ ಮಂಜುಗಡ್ಡೆ ಉಳಿದ ಕಣಿವೆಗಳಿವೆ. ಟ್ರ್ಯಾಕ್ ಎರಚುವ ಹಿಮದಿಂದಲೇ ಎಂಜಿನ್ ತಣಿಯಬೇಕು. ಹಿಮ ಸಿಗದಿದ್ದರೆ ಬಿಸಿಯೇರುತ್ತದೆ, ಟ್ರ್ಯಾಕಿನೊಳಗಿನ ಪ್ಲಾಸ್ಟಿಕ್ ಪಟ್ಟಿಗಳು ಕರಗತೊಡಗುತ್ತವೆ. ಮಂಜುಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ತಂತಿಗಳನ್ನು ಆಗ ಇಳಿಸಬೇಕು. ಆದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಇವರಿಗೆ ಕಂಡರೆ ತಾನೆ? ಇಳಿಸಿದರೆಂದೇ ಇಟ್ಟುಕೊಳ್ಳಿ, ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ತಂತಿ ಎತ್ತಲು ಮರೆತು ಮುರಿದುಕೊಳ್ಳುತ್ತಾರೆ.

ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು. ಅಕ್ಟೋಬರ್ ಕೊನೆಗೆ ಮರೆಯಾದ ಸೂರ್ಯನ ಬಿಸಿಲು ಸ್ವಾಲ್ಬಾರ್ಡಿನ ಲಾಂಗ್‌ಯಿಯರ್‌ಬ್ಯೆನ್ ಪೇಟೆಗೆ ಮತ್ತೆ ಬೀಳುವುದು ಮಾರ್ಚ್ 8ರ ಸುಮಾರಿಗೆ. ಆ ದಿನಗಳಲ್ಲಿ ಬೆಟ್ಟಗಳ ಮೇಲಿನ ನೀಲಿ-ಗುಲಾಬಿ ಬಣ್ಣವನ್ನು ಕಿತ್ತಳೆ ಗಾಜಿನೊಳಗಿಂದ ನೋಡುವುದು ಅನ್ಯಾಯವೇ. ಬರಿಗಣ್ಣಿಗೆ ಒಮ್ಮೆ ಕಾಣಲಿ ಎಂಬ ಆಸೆ ಯಾರಿಗಿಲ್ಲ?

ನೋಡಿ, ಧಾರಾಳವಾಗಿ ನೋಡಿ. ತೆಗೆದ ಗಾಗಲ್ಸನ್ನು ಒಣಬಟ್ಟೆಯ ಚೀಲಕ್ಕೆ ಹಾಕಿ ಜಾಕೆಟ್ಟಿನ ಒಳಜೇಬಿಗೆ ಸೇರಿಸಿ, ಅಷ್ಟೇ. ಮುಖಗವಸಿನ ಮೇಲಂಚನ್ನು ಗಾಗಲ್ಸಿನೊಳಗೆ ತುರುಕಬೇಡಿ, ಉಸಿರೆಲ್ಲ ಅಲ್ಲಿಗೇ ಏರುತ್ತದೆ. ಗಾಳಿ ಬೆನ್ನ ಹಿಂದಿನಿಂದ ನಿಮ್ಮದೇ ವೇಗದಲ್ಲಿ ಬೀಸುತ್ತಿದ್ದರೆ ಗಾಗಲ್ಸಿನ ತೂತುಗಳಲ್ಲಿ ಗಾಳಿಯಾಡುವುದಿಲ್ಲ. ವೇಗ ಸ್ವಲ್ಪ ಬದಲಿಸಿ.

ಎರಡನೇ ಜೋಡಿ ಕೇಳಿದವರಿಗೆ ಇಲ್ಲ ಎನ್ನಲಾಗದು, ಕುರುಡಾಗಿ ಓಡಿಸಿದರೆ ಗುದ್ದುವುದು ನಮ್ಮ ಗಾಡಿಗೇ. ಕೊಡಿ, ಆದರೆ ಅವರ ಥರ್ಮಾಸನ್ನು ಅಡ ಇಟ್ಟುಕೊಳ್ಳಿ. ಕಾಫಿ ಇನ್ನೂ ಬಿಸಿಯಿದ್ದರೆ ಅದನ್ನು ಬಡ್ಡಿಗೆ ಹಿಡಿಯಿರಿ.