ಗುಂಡಿ ಮುಚ್ಚಿ, ಗುಂಡಿ ಚುಚ್ಚಿ

ನಾಯಕರು ಊರಿಗೆ ಬರುತ್ತಾರೆಂದರೆ ಎರಡು ಬಗೆಯ ಗುಂಡಿಗಳಿಗೆ ಶುಕ್ರದೆಸೆ. ರಸ್ತೆಯ ಗುಂಡಿಗಳು ರಾತ್ರೋರಾತ್ರಿ ಮುಚ್ಚಿಕೊಳ್ಳುತ್ತವೆ. ಎದೆಗೆ ಚುಚ್ಚಿಕೊಳ್ಳುವ ಗುಂಡಿಗಳು ಪೆಟ್ಟಿಗೆಗಟ್ಟಲೆ ಬಂದಿಳಿಯುತ್ತವೆ. ಮೊದಲನೆಯ ಕಾಮಗಾರಿ ಕಾರುಗಳ ಸಾಲು ದಾಟುವವರೆಗೆ ತಾಳಿದರೆ ಸಾಕು. ಎರಡನೆಯದು ಮಾತ್ರ ಇತಿಹಾಸ. ಅದರ ಮೇಲೆ ತಾರೀಖು ಅಚ್ಚಾಗಿರುತ್ತದೆ.

ಒಂದನ್ನು ಅಂಗೈಯಲ್ಲಿಟ್ಟು ನೋಡಿ. ತಗಡಿನ ಬಿಲ್ಲೆ, ಅದರ ಮೇಲೆ ಕಾಗದದಲ್ಲಿ ನಗುವ ಮುಖ, ಮುಖಕ್ಕೊಂದು ಪಾರದರ್ಶಕ ಹಾಳೆ, ಎಲ್ಲವನ್ನೂ ಕಚ್ಚಿ ಹಿಡಿದ ಅಂಚು, ಬೆನ್ನಿಗೆ ಪಿನ್ನು. ಚಿತ್ರ ತುಸು ದೊಡ್ಡದಾದರೆ ನಾಯಕರ ಎರಡು ಕಿವಿಗಳೂ ಅಂಚಿನೊಂದಿಗೆ ಮಡಿಚಿಕೊಂಡು ಹಿಂದಕ್ಕೆ ಹೋಗಿಬಿಡುತ್ತವೆ. ಜನರ ಅಹವಾಲು ಕೇಳಲು ಬಂದವರ ಕಿವಿಯೇ ಕಾಣೆಯಾಗುವುದು ಮುದ್ರಣದ ದೋಷ ಎಂದರೆ ನಾನಂತೂ ನಂಬಲಾರೆ. ಊರಿನ ಹೆಸರು? ಇದೆ, ಇದೆ. ಗಲ್ಲದ ಕೆಳಗೆ, ಭೂತಗನ್ನಡಿ ಬೇಡುವ ಅಕ್ಷರಗಳಲ್ಲಿ, ಬೆನ್ನು ಬಾಗಿಸಿಕೊಂಡು ನಿಂತಿದೆ.

‘ಭೇಟಿಯ ಸವಿನೆನಪಿಗಾಗಿ’ ಎಂಬ ಸಾಲು ಇನ್ನೂ ಸೊಗಸು. ಭೇಟಿ ನಾಳೆ, ನೆನಪು ಹೋದ ವಾರವೇ ಅಚ್ಚಾಗಿದೆ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿದವರು ಈ ಗುಂಡಿಯ ಮುಂದೆ ಸೋಮಾರಿಗಳು. ಇಲ್ಲಿ ಕೂಸಿನ ಬಾಲ್ಯದ ಸವಿನೆನಪೂ ಸಿದ್ಧ. ನಾಯಕರು ಬಾರದೆ ಹೋದರೂ ನೆನಪಿಗೇನೂ ಧಕ್ಕೆಯಿಲ್ಲ.

ಈ ಚಟ ಇಂದಿನದಲ್ಲ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಅಧ್ಯಕ್ಷರಾದಾಗ, ಅವರಿಗೆ ದೀರ್ಘಾಯುಷ್ಯ ಕೋರುವ ಹಿತ್ತಾಳೆ ಗುಂಡಿಗಳು ಬಂದಿದ್ದವು. ಅವು ಕೋಟಿಗೆ ಹೊಲಿಯುವ ಗುಂಡಿಗಳು. ಅಲ್ಲಿಯೇ ಮೆಕಿನ್ಲೆ ಮತ್ತು ಬ್ರಯಾನ್ ಸೆಣಸಿದ 1896ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಸೆಲ್ಯುಲಾಯ್ಡ್ ಎಂಬ ಪಾರದರ್ಶಕ ಹಾಳೆ ಹೊದ್ದ ಪಿನ್ನಿನ ಗುಂಡಿ ಜನಪ್ರಿಯವಾಯಿತು. ಎರಡು ಬದಿಗಳನ್ನು ಕೂಡಿಸುವ ಹಳೆಯ ಹೊಣೆ ಅಲ್ಲಿಗೆ ತಪ್ಪಿತು, ಚುಚ್ಚುವುದೊಂದೇ ಉಳಿಯಿತು.

ಚೀನಾದವರು ಎಲ್ಲರನ್ನೂ ಮೀರಿಸಿದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅಲ್ಲಿನ ನಾಯಕ ಮಾವೋ ಅವರ ಮುಖದ ಬಿಲ್ಲೆಗಳು ಕೋಟಿಗಟ್ಟಲೆ ತಯಾರಾಗಿ, ವಿಮಾನಕ್ಕೆ ಬೇಕಾದ ಅಲ್ಯೂಮಿನಿಯಂ ಜನರ ಎದೆಯ ಮೇಲೆ ಹೋಗಿ ಕುಳಿತಿತು. ‘ನನ್ನ ವಿಮಾನಗಳನ್ನು ವಾಪಸು ಕೊಡಿ’ ಎಂದು ಕಡೆಗೆ ಮಾವೋ ಅವರೇ ಹೇಳಿದರೆಂಬ ಮಾತಿದೆ. 1969ರಲ್ಲಿ ಬಿಲ್ಲೆಗಳ ಅಬ್ಬರಕ್ಕೆ ಕಡಿವಾಣ ಬಿತ್ತು. ತನ್ನ ಮುಖ ಸಾಕಾಯಿತು ಎಂದ ನಾಯಕ ಸಿಕ್ಕಬೇಕಾದರೆ ಲೋಹವೇ ಮುಗಿದುಹೋಗಬೇಕು, ನೋಡಿ.

ಇರಲಿ, ನಮ್ಮ ಭೇಟಿಗೆ ಬರೋಣ. ನಾಯಕರು ಬಂದರು, ಕೈ ಬೀಸಿದರು, ಊರಿನ ಹೆಸರನ್ನು ಒಮ್ಮೆ ತಪ್ಪಾಗಿ ಉಚ್ಚರಿಸಿದರು, ಹೊರಟರು. ಧೂಳು ಅಡಗಿತು. ನಾಲ್ಕು ಹನಿ ಮಳೆ ಬಿತ್ತು. ಸಂಭ್ರಮದ ಗುಂಡಿಯನ್ನು ಇನ್ನೂ ತೆಗೆಯದ ಅಭಿಮಾನಿಯೊಬ್ಬ ಅದೇ ರಸ್ತೆಯಲ್ಲಿ ದ್ವಿಚಕ್ರ ವಾಹನವೇರಿ ಬಂದಾಗ ದಡಕ್ಕೆಂದಿತು. ಪಿನ್ನು ಸಡಿಲಿತು, ಎದೆಯ ಮೇಲಿನ ಬಿಲ್ಲೆ ಕಳಚಿತು. ಎಲ್ಲಿ ಬಿತ್ತೆಂದು ಅವನು ಹುಡುಕಬೇಕಾಗಲಿಲ್ಲ. ಗುಂಡಿ ಗುಂಡಿಯಲ್ಲೇ ಇತ್ತು.